ಆರು ತುಂಡಾಗದ ಸಾಲು

ಜೂನ್ 9, ಸೋಮವಾರ

ಇವತ್ತಿನಿಂದ ನಾನು ಭಾವನ ಚಾಕಿ ಸೆಂಟರಿನ ‘ಕಂಪ್ಯೂಟರ್ ಮೇಡಂ’. ಬಂದವರಿಗೆಲ್ಲ ಭಾವ ಹಾಗೆಯೇ ಪರಿಚಯ ಮಾಡಿಸಿದರು. ನಮ್ಮ ನಾದಿನಿ, ಲತಾಮಣಿ, ಬಿಡದಿಯಲ್ಲಿ ದೊಡ್ಡ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದವಳು. ನಾನು ನೆಲ ನೋಡಿಕೊಂಡು ನಕ್ಕೆ. ಆ ಶಾಲೆಯವರೇ ನನ್ನನ್ನು ಬೇಡವೆಂದು ಕಳಿಸಿದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ದಿನಾ ರೈಲಿನಲ್ಲಿ ಓಡಾಡಿ ಸಾಕಾಯಿತು, ನಾನೇ ಬಿಟ್ಟೆ ಎಂದು ಹೇಳಿದ್ದೇನೆ. ಅಕ್ಕ ನಂಬಿದ್ದಾಳೆ. ಭಾವ ನಂಬಿದರೋ ಇಲ್ಲವೋ, ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಅವರ ಋಣ ನನ್ನ ಮೇಲಿದೆ.

ಸೆಂಟರ್ ಮನೆಯ ಪಕ್ಕದಲ್ಲೇ, ಕನಕಪುರ ರಸ್ತೆಗೆ ಮುಖ ಮಾಡಿಕೊಂಡು. ರೇಷ್ಮೆ ಹುಳ ಮೊಟ್ಟೆಯೊಡೆದ ದಿನದಿಂದ ಎರಡನೇ ಜ್ವರದ ತನಕ, ಅಂದರೆ ಎರಡು ಸಲ ಮೇವು ಬಿಟ್ಟು ಪೊರೆ ಕಳಚುವ ತನಕ, ಇಲ್ಲಿ ಸಾಕಿ ಆಮೇಲೆ ರೈತರಿಗೆ ಕೊಡುತ್ತಾರೆ; ಚಾಕಿ ಅಂದರೆ ಅದೇ. ಎಳೆ ಹುಳ ಸಾಕುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲವಂತೆ. ಇಷ್ಟು ವರ್ಷ ಯಾರಿಗೆ ಎಷ್ಟು ಮೊಟ್ಟೆ ಹುಳ (ಒಂದು ಚಿಟ್ಟೆ ಇಟ್ಟಷ್ಟೂ ಸೇರಿ ಇವರ ಲೆಕ್ಕದಲ್ಲಿ ಒಂದು ಮೊಟ್ಟೆ) ಬೇಕು ಎಂಬುದೆಲ್ಲ ಭಾವನ ತಲೆಯಲ್ಲೇ ಇರುತ್ತಿತ್ತು. ಈಗ ಊರುಗಳು ಜಾಸ್ತಿಯಾಗಿ ತಲೆ ತುಂಬಿದೆ.

ಬುಕಿಂಗ್ ಬರೆಸಿಕೊಳ್ಳಲು ಮೆಹ್ರೀನ್ ಎಂಬ ಹುಡುಗಿ ಇದ್ದಾಳೆ. ರಾಮನಗರದಿಂದ ಬರುತ್ತಾಳೆ, ಅವಳಪ್ಪ ನೂಲು ತೆಗೆಯುವವರು. ಚುರುಕು, ಮಾತು ಜಾಸ್ತಿ, ಕನ್ನಡ ಟೈಪಿಂಗ್ ನನಗಿಂತ ಜೋರು. ಒಬ್ಬರಿಗೆ ಒಂದು ಸಾಲು: ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಫೋನು, ಎಷ್ಟು ಮೊಟ್ಟೆ, ಯಾವ ತಳಿ. ನಡುವೆ ಅಲ್ಪವಿರಾಮ. ಆ ಫೈಲನ್ನು ಓದಿ, ಮೊಟ್ಟೆಯ ಒಟ್ಟು ಲೆಕ್ಕ ತೆಗೆದು, ಗಾಡಿಯವನಿಗೆ ಊರುವಾರು ಪಟ್ಟಿ ಕೊಡುವ ಪ್ರೋಗ್ರಾಂ ನಾನು ಬರೆಯಬೇಕು.

ಭಾವ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ‘ಅಂಗಂದ್ರೆ ಏನಮ್ಮ ಮಾಡ್ತದೆ ಅದು?’

ಫೈಲಿನಲ್ಲಿರುವುದು ಬರೀ ಅಕ್ಷರ ಭಾವ, ಎಂದೆ. ಪ್ರೋಗ್ರಾಂ ಒಂದೊಂದೇ ಸಾಲು ಎತ್ತಿಕೊಂಡು, ಅಲ್ಪವಿರಾಮ ಇರುವಲ್ಲಿ ಕತ್ತರಿಸಿ ಆರು ತುಂಡು ಮಾಡಿ, ಆ ಆರರಿಂದ ಒಬ್ಬ ರೈತನನ್ನು ಕಟ್ಟುತ್ತದೆ. ಅದಕ್ಕೆ ಆಬ್ಜೆಕ್ಟ್ ಅಂತಾರೆ. ಆಮೇಲೆ ಅವನನ್ನೇ ಕೇಳಬಹುದು, ನಿನ್ನ ಊರು ಯಾವುದು, ನಿನಗೆ ಎಷ್ಟು ಮೊಟ್ಟೆ ಎಂದು.

‘ಮನುಸ್ರುನ್ನೇ ಮಾಡ್ತೀಯಾ ಅನ್ನು!’ ಭಾವ ಬಿದ್ದು ಬಿದ್ದು ನಕ್ಕರು. ಮೆಹ್ರೀನ್ ಕೂಡ ನಕ್ಕಳು. ಎಷ್ಟೋ ದಿನದ ಮೇಲೆ ನನ್ನ ಮಾತಿಗೆ ಯಾರೋ ನಕ್ಕದ್ದು.

ಜೂನ್ 14, ಶನಿವಾರ

ಐದು ದಿನ ಒದ್ದಾಡಿದೆ. ಶಾಲೆಯಲ್ಲಿ ಹೇಳಿಕೊಟ್ಟದ್ದೆಲ್ಲ ಪುಸ್ತಕದಲ್ಲಿದ್ದದ್ದು. ಪುಸ್ತಕದ ಫೈಲಿನಲ್ಲಿ ಎಲ್ಲ ಸಾಲೂ ಸರಿಯಾಗಿರುತ್ತದೆ. ಇಲ್ಲಿ ನಡುನಡುವೆ ಖಾಲಿ ಸಾಲು, ಒಂದು ಕಡೆ ಎರಡು ಅಲ್ಪವಿರಾಮ ಒಟ್ಟಿಗೆ, ಇನ್ನೊಂದು ಕಡೆ ‘ಸಂಜೆ ಫೋನ್ ಮಾಡಿ ಕೇಳಬೇಕು’ ಎಂದು ಮೆಹ್ರೀನ್ ತನಗೇ ಬರೆದುಕೊಂಡ ಮಾತು. ಅಂಥದ್ದು ಸಿಕ್ಕಿದ ಕೂಡಲೇ ಪ್ರೋಗ್ರಾಂ ನಿಂತುಹೋಗಿ ಪರದೆ ತುಂಬ ಕೆಂಪು ಅಕ್ಷರ.

ಮಧ್ಯಾಹ್ನ ಭಾವ ನಾಲ್ಕೈದು ಜನ ರೈತರನ್ನು ಕರೆದುಕೊಂಡು ಬಂದು ನನ್ನ ಬೆನ್ನ ಹಿಂದೆ ನಿಲ್ಲಿಸಿದರು. ‘ತೋರ್ಸಮ್ಮ ಇವ್ರಿಗೆ ಒಸಿ.’ ನಾನು ಓಡಿಸಿದೆ. ಕೆಂಪು. ಮತ್ತೆ ಓಡಿಸಿದೆ. ಮತ್ತೆ ಕೆಂಪು. ಒಬ್ಬರು ಕೆಮ್ಮಿದರು. ಬಿಡದಿಯಲ್ಲಿ ಪ್ರಿನ್ಸಿಪಾಲರು ಕ್ಲಾಸಿನ ಕೊನೇ ಬೆಂಚಿನಲ್ಲಿ ಬಂದು ಕೂತ ದಿನ ನೆನಪಾಯಿತು.

ಆಗ ಅದನ್ನು ಬರೆದೆ. ಎರಡೇ ಸಾಲು. ತುಂಡು ಆರಿಲ್ಲದಿದ್ದರೆ ಬಿಟ್ಟು ಮುಂದಕ್ಕೆ ಹೋಗು.

ಕೆಂಪು ಮಾಯವಾಯಿತು. ಊರುವಾರು ಪಟ್ಟಿ ಸರಸರ ಬಂತು. ರೈತರು ‘ಅಬ್ಬಬ್ಬಾ’ ಎಂದರು. ಭಾವ ಆಳು ಕಳಿಸಿ ಎಲ್ಲರಿಗೂ ಮೈಸೂರುಪಾಕು ತರಿಸಿದರು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅವಳ ಮುಖ ಅರಳಿತ್ತು.

ಬಿಟ್ಟ ಸಾಲು ಯಾವುವು ಎಂದು ಬೇರೆಯಾಗಿ ತೋರಿಸುವಂತೆ ಬರೆಯಬೇಕಿತ್ತು. ಅದು ನನಗೆ ಗೊತ್ತು, ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ತೋರಿಸಿದರೆ ಮತ್ತೆ ಭಾವನ ಕಣ್ಣೆದುರು ಏನೋ ಕೆಂಪಗೆ ಕಾಣುತ್ತದೆ. ಖಾಲಿ ಸಾಲುಗಳೇ ತಾನೆ. ನಾಳೆ ನೋಡಿಕೊಂಡರಾಯಿತು.

ಜೂನ್ 17, ಮಂಗಳವಾರ

ಪ್ರೋಗ್ರಾಂ ಕೊಟ್ಟ ಒಟ್ಟು ಲೆಕ್ಕದ ಮೇಲೆಯೇ ಭಾವ ಮೊಟ್ಟೆ ತಂದರು. ‘ಈ ಸಲ ಒಂದ್ ಮೊಟ್ಟೆನೂ ಹೆಚ್ಚಿಲ್ಲ, ಕಮ್ಮಿ ಇಲ್ಲ’ ಎಂದು ಫೋನಿನಲ್ಲಿ ಯಾರಿಗೋ ಜಂಬ ಕೊಚ್ಚುತ್ತಿದ್ದರು. ಬಿಟ್ಟ ಸಾಲುಗಳನ್ನು ಇನ್ನೂ ನೋಡಿಲ್ಲ.

ಜುಲೈ 5, ಶನಿವಾರ

ಬೆಳಗಿನ ಜಾವವೇ ಹುಳದ ಗಾಡಿ ಹೊರಟಿತು. ಒಂಬತ್ತರ ಹೊತ್ತಿಗೆ ಡ್ರೈವರ್ ಫೋನ್ ಮಾಡಿ ಎಲ್ಲ ಇಳಿಸಿದೆ, ಒಂದು ತಟ್ಟೆ ಉಳಿದಿಲ್ಲ ಎಂದ. ಭಾವ ನನ್ನ ಬೆನ್ನು ತಟ್ಟಿದರು.

ಮಧ್ಯಾಹ್ನ ಒಬ್ಬ ಹೆಂಗಸು ಬಸ್ಸಿಳಿದು ಬಂದರು. ಉಯ್ಯಂಬಳ್ಳಿಯ ಮುನಿಯಮ್ಮ. ಐವತ್ತರ ಆಚೀಚೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು, ಕೈಯ ಮೇಲೆ ಸುಣ್ಣದ ಕಲೆ. ಹುಳುಮನೆಗೆ ಸುಣ್ಣ ಹೊಡೆದು, ತೊಳೆದು, ಹೊಗೆ ಹಾಕಿ, ಸೊಪ್ಪು ಕುಯ್ದಿಟ್ಟುಕೊಂಡು ಬೆಳಿಗ್ಗೆಯಿಂದ ರಸ್ತೆಯಲ್ಲಿ ನಿಂತಿದ್ದರಂತೆ. ಗಾಡಿ ಅವರ ಮುಂದೆಯೇ ಹೋಯಿತಂತೆ. ಕೈ ಅಡ್ಡ ಹಾಕಿದರೆ ಡ್ರೈವರ್ ಪಟ್ಟಿ ನೋಡಿ, ನಿಮ್ಮ ಹೆಸರಿಲ್ಲ ಅಂದನಂತೆ.

‘ನಾನ್ ಬಂದು ಬರ್ಸಿ ಹೋಗಿದ್ನಲ್ಲಪ್ಪ’ ಎಂದರು. ಗಟ್ಟಿಯಾಗಿ ಕೂಡ ಹೇಳಲಿಲ್ಲ. ಅವರ ಗಂಡನಿಗೆ ಕಳೆದ ವರ್ಷ ಲಕ್ವ ಹೊಡೆದಿದೆ. ಮೈದುನ ಸ್ವಾಮಿ, ತೋಟ ನನ್ನ ಕೈಗೆ ಕೊಡು, ಹೆಂಗಸೊಬ್ಬಳ ಕೈಲಿ ಹುಳ ಆಗುವುದಿಲ್ಲ ಎನ್ನುತ್ತಿದ್ದನಂತೆ. ಒಂದು ಬೆಳೆ ನೋಡು, ಆಗದಿದ್ದರೆ ತಗೋ ಎಂದು ಊರವರ ಮುಂದೆ ಮಾತು ಕೊಟ್ಟು ಈ ಬೆಳೆಗೆ ಕೈ ಹಾಕಿದ್ದರು.

ಅಷ್ಟರಲ್ಲಿ ಫೋನುಗಳು ಶುರುವಾದವು. ಇನ್ನೂ ನಾಲ್ಕು ಕಡೆಯಿಂದ ಅದೇ ಮಾತು. ಎಲ್ಲ ಹೆಂಗಸರ ದನಿ.

ಭಾವನಿಗೆ ಸಿಟ್ಟು ನೆತ್ತಿಗೇರಿತು. ಮೆಹ್ರೀನಳ ಮುಂದೆ ಹೋಗಿ ನಿಂತರು. ‘ಇವ್ರು ಬರ್ಸಿದ್ದು ನೀನು ಬರ್ಕಂಡಿದ್ಯಾ ಇಲ್ವಾ?’

‘ಬರ್ಕೊಂಡಿದ್ದೀನಿ ಸಾರ್. ಈ ಅಮ್ಮನ ಮುಖ ನೆನಪಿದೆ. ಫೈಲ್ ತೆಗೆದು ನೋಡಿ.’

‘ಲತಾ, ನೋಡಮ್ಮ. ಕಂಪ್ಯೂಟರ್‌ನಾಗೆ ಐತಾ?’

ನನ್ನ ಮುಂದೆ ಪಟ್ಟಿ ತೆರೆದಿತ್ತು. ಪ್ರೋಗ್ರಾಂ ಕಟ್ಟಿದ ಪಟ್ಟಿ. ಮೆಹ್ರೀನಳ ಫೈಲಲ್ಲ. ಉಯ್ಯಂಬಳ್ಳಿ ಎಂದು ಹುಡುಕಿದೆ. ಮುನಿಯಮ್ಮ ಇರಲಿಲ್ಲ.

‘ಇಲ್ಲ ಭಾವ’ ಎಂದೆ.

ಸುಳ್ಳಲ್ಲ. ಪಟ್ಟಿಯಲ್ಲಿ ಇರಲಿಲ್ಲ. ಮೆಹ್ರೀನ್ ನನ್ನನ್ನೇ ನೋಡಿದಳು. ‘ಅಕ್ಕಾ, ಫೈಲ್ ನೋಡಿ, ಫೈಲ್’ ಎಂದಳು. ಭಾವ ಅವಳ ಮಾತು ಮುಗಿಸಲು ಬಿಡಲಿಲ್ಲ. ಏನೇನೋ ಅಂದರು. ನಮ್ಮೋರ ಹೆಸ್ರು, ಊರು ಇವಳಿಗೆ ತಿಳಿಯಾಕಿಲ್ಲ, ಎಂದು ಕೂಡ ಅಂದುಬಿಟ್ಟರು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ತಾಲೂಕಿಗೇ ಮೊದಲು ಬಂದವಳು. ಅವಳು ಬ್ಯಾಗು ತೆಗೆದುಕೊಂಡು ಹೊರಟಳು.

ನಾನು ಮೌಸ್ ಹಿಡಿದುಕೊಂಡು ಕೂತಿದ್ದೆ. ಪರದೆಯ ಮೇಲೆ ಏನೂ ಓಡುತ್ತಿರಲಿಲ್ಲ, ಆದರೂ ಏನೋ ಹುಡುಕುವವಳ ಹಾಗೆ ಮೇಲೆ ಕೆಳಗೆ ಸರಿಸುತ್ತಿದ್ದೆ.

ಜುಲೈ 6, ಭಾನುವಾರ

ಸೆಂಟರಿನಲ್ಲಿ ಯಾರೂ ಇಲ್ಲದಾಗ ಫೈಲ್ ತೆರೆದೆ. ಐದೂ ಸಾಲು ಇವೆ. ಮುನಿಯಮ್ಮ, ಉಯ್ಯಂಬಳ್ಳಿ, ಫೋನು, ನೂರು ಮೊಟ್ಟೆ, ತಳಿ. ಐದು ತುಂಡು. ಗಂಡನ ಹೆಸರು ಬರೆದಿಲ್ಲ, ಆದ್ದರಿಂದ ಅದರ ಅಲ್ಪವಿರಾಮವೂ ಇಲ್ಲ. ಐವರದ್ದೂ ಹಾಗೆಯೇ. ಜಾಗ ಖಾಲಿ ಬಿಟ್ಟರೂ ಅಲ್ಪವಿರಾಮ ಹಾಕಬೇಕು ಎಂದು ನಾನು ಮೆಹ್ರೀನಳಿಗೆ ಹೇಳಿಕೊಟ್ಟಿರಲಿಲ್ಲ.

ಆರಿಲ್ಲ. ಬಿಟ್ಟು ಮುಂದಕ್ಕೆ ಹೋಗು.

ಫೈಲ್ ಮುಚ್ಚಿ ಮನೆಗೆ ಬಂದೆ. ಅಕ್ಕ ಮುದ್ದೆ, ಬಸ್ಸಾರು ಮಾಡಿದ್ದಳು. ಎರಡು ಮುದ್ದೆ ತಿಂದೆ. ನನಗೆ ಹೇಗೆ ಇಳಿಯಿತೋ ಗೊತ್ತಿಲ್ಲ.

ಜುಲೈ 8, ಮಂಗಳವಾರ

ಮೆಹ್ರೀನ್ ನಿನ್ನೆಯೂ ಬರಲಿಲ್ಲ, ಇವತ್ತೂ ಇಲ್ಲ. ಭಾವ ಅವಳ ತಾಯಿ ನೂರ್ಜಹಾನ್ ಅವರಿಗೆ ಫೋನ್ ಮಾಡಿದರು. ‘ಬರಲ್ಲ ಸಾರ್, ಇನ್ಮೇಲೆ ಕಳ್ಸಲ್ಲ’ ಎಂದರಂತೆ. ‘ಹೋದ್ರೆ ಹೋಗ್ಲಿ ಬುಡು’ ಎಂದರು ಭಾವ. ಬುಕಿಂಗ್ ಬರೆದುಕೊಳ್ಳುವುದೂ ಇನ್ನು ನನ್ನದೇ.

ಅವಳ ಕುರ್ಚಿಯಲ್ಲಿ ಕೂರಲು ಆಗದೆ ನನ್ನ ಕುರ್ಚಿಯನ್ನು ಅಲ್ಲಿಗೆ ಎಳೆದುಕೊಂಡೆ. ಏನು ನಾಟಕ ನನ್ನದು.

ಜುಲೈ 10, ಗುರುವಾರ

ಗುಡೇಮಾರನಹಳ್ಳಿಯಿಂದ ಒಬ್ಬಾಕೆ ಹೆಸರು ಬರೆಸಲು ಬಂದಿದ್ದರು. ಹೆಸರು ಹೇಳಿದರು. ‘ಯಜಮಾನರ ಹೆಸರು?’ ಎಂದೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

‘ಅದ್ನ ನಾನೆಂಗವ್ವ ಯೋಳ್ಳಿ?’

‘ಹೇಳಿ ಅಮ್ಮ, ಬರ್ಕೋಬೇಕು.’

‘ಆಚೆ ಬೈಕ್ ತಾವ ನಿಂತವ್ರೆ, ಅವ್ರುನ್ನೇ ಕೇಳ್ಬುಡು.’

ಆಚೆ ಹೋಗಿ ಕೇಳಿಕೊಂಡು ಬಂದೆ. ಬಂದು ಕೂತು ಟೈಪ್ ಮಾಡುವಾಗ ಅವ್ವ ನೆನಪಾದಳು.

ನನ್ನ ಅವ್ವ ಬದುಕಿದ್ದಷ್ಟು ದಿನ ಅಪ್ಪನ ಹೆಸರು ಹೇಳಲಿಲ್ಲ. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು. ಪಡಿತರದ ಅಂಗಡಿಯಲ್ಲಿ ಕೇಳಿದರೆ ನನ್ನ ಬೆನ್ನಿಗೆ ತಿವಿದು ‘ಹೇಳು ಮಗ’ ಅನ್ನುತ್ತಿದ್ದಳು. ಒಮ್ಮೆ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿರಲಿಲ್ಲ, ‘ಲತನ ಅಪ್ಪ’ ಎಂದು ಬರೆಸಿದ್ದಳು. ಆ ಚೀಟಿಯಲ್ಲಿ ಗಂಡನ ಹೆಸರು ಲತನಪ್ಪ ಎಂದೇ ಇತ್ತು. ಮನೆಯವರೆಲ್ಲ ವರ್ಷಗಟ್ಟಲೆ ನಕ್ಕಿದ್ದೇವೆ.

ಮೆಹ್ರೀನ್ ಐವರನ್ನೂ ಕೇಳಿರಬೇಕು. ಅವರು ನಕ್ಕಿರಬೇಕು. ಜೊತೆಗೆ ಗಂಡಸರು ಬಂದಿದ್ದವರ ಹೆಸರು ಆಚೆಯಿಂದ ಬಂತು. ಒಬ್ಬರೇ ಬಸ್ಸಿನಲ್ಲಿ ಬಂದವರ ಹೆಸರು ಬರಲಿಲ್ಲ. ಬಲವಂತ ಮಾಡಬಾರದೆಂದು ಅವಳು ಮುಂದಕ್ಕೆ ಹೋದಳು. ನಮ್ಮೋರದ್ದು ತಿಳಿಯಲ್ಲ ಎಂದು ಭಾವ ಅವಳಿಗೆ ಅಂದರು. ತಿಳಿಯದೇ ಹೋದದ್ದು ಅವ್ವನ ಹೊಟ್ಟೆಯಲ್ಲಿ ಹುಟ್ಟಿದ ನನಗೆ. ಅವತ್ತು ಭಾವ ಆ ಮಾತಾಡಿದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು, ಕಾರಣ ಸಿಕ್ಕಿತಲ್ಲ ಎಂದು. ಇದನ್ನು ಇಲ್ಲಿ ಬಿಟ್ಟು ಇನ್ನೆಲ್ಲೂ ನಾನು ಹೇಳಲಾರೆ.

ಜುಲೈ 12, ಶನಿವಾರ

ಪ್ರೋಗ್ರಾಂ ತಿದ್ದಿದೆ. ಗಂಡನ ಹೆಸರು ಇಲ್ಲದಿದ್ದರೂ ಈಗ ಒಪ್ಪಿಕೊಳ್ಳುತ್ತದೆ. ಯಾವ ಸಾಲನ್ನೂ ಹೇಳದೆ ಬಿಡುವುದಿಲ್ಲ, ಅರ್ಥವಾಗದ್ದನ್ನು ಪರದೆಯ ಮೇಲೆಯೇ ಕೆಂಪಗೆ ತೋರಿಸುತ್ತದೆ. ಅರ್ಧ ಗಂಟೆಯ ಕೆಲಸ. ಯಾರೂ ಗಮನಿಸಲಿಲ್ಲ.

ಸರಿ ಮಾಡಿದೆನಲ್ಲ, ಇನ್ನೇನು.

ಜುಲೈ 14, ಸೋಮವಾರ

ಬರೆಯಲು ಏನೂ ಇಲ್ಲ.

ಜುಲೈ 20, ಭಾನುವಾರ

ಐವರ ಮನೆಗೂ ಹೋಗಿ ಮುಂದಿನ ಬೆಳೆಗೆ ಹೆಸರು ಬರೆಸಿಕೊಂಡು ಬಾ, ಬೇರೆ ಸೆಂಟರಿಗೆ ಹೋಗಿಬಿಟ್ಟಾರು ಎಂದು ಭಾವ ಕಳಿಸಿದರು. ಮೊದಲು ಉಯ್ಯಂಬಳ್ಳಿಗೇ ಹೋದೆ. ಕನಕಪುರದಲ್ಲಿ ಬಸ್ಸು ಬದಲಿಸಿ ಕೂತಾಗ, ಮುನಿಯಮ್ಮ ಮನೆಯಲ್ಲಿ ಇಲ್ಲದೇ ಇದ್ದರೆ ಸಾಕಪ್ಪಾ ಅನ್ನಿಸುತ್ತಿತ್ತು.

ಇದ್ದರು. ತೋಟದಲ್ಲಿ ಹಿಪ್ಪುನೇರಳೆ ಗಿಡ ಸವರುತ್ತಿದ್ದರು. ಸೊಪ್ಪು ಬಲಿತು ಗಟ್ಟಿಯಾಗಿ, ಹುಳಕ್ಕೆ ಬೇಡದ್ದಾಗಿ, ಅಕ್ಕಪಕ್ಕದವರ ಹಸುಗಳಿಗೆ ಹೋಗಿದೆ. ಮತ್ತೆ ಚಿಗುರಿ ಎಲೆಗೆ ಬರಲು ಸೆಪ್ಟೆಂಬರ್ ಆಗಬೇಕು. ನನ್ನನ್ನು ಕಂಡವರೇ ಕುಡುಗೋಲು ಬದುವಿನ ಮೇಲಿಟ್ಟು, ‘ಬಾರವ್ವ, ಬಿಸ್ಲಲ್ಲಿ ಬಂದಿದ್ದೀಯ’ ಎಂದು ಮನೆಗೆ ಕರೆದುಕೊಂಡು ಹೋದರು. ಬಯ್ಯುತ್ತಾರೆ ಎಂದು ಎಷ್ಟು ಆಸೆ ಇಟ್ಟುಕೊಂಡಿದ್ದೆ.

ಜಗಲಿಯಲ್ಲಿ ಅವರ ಮೈದುನ ಸ್ವಾಮಿ ಕೂತಿದ್ದ. ‘ಏನು, ಸೆಂಟ್ರಿನೋರಾ? ಇನ್ಮ್ಯಾಕೆ ನಮ್ಮತ್ಗೆ ಹೆಸ್ರು ಬ್ಯಾಡ. ತೋಟ ನಾನು ನೋಡ್ಕತೀನಿ. ಮಾತು ಅಂದ್ರೆ ಮಾತು’ ಎಂದ. ಕೆಟ್ಟವನಂತೆ ಕಾಣಲಿಲ್ಲ. ಗೆದ್ದವನಂತೆ ಇದ್ದ. ಸ್ವಲ್ಪ ಹೊತ್ತು ಕೂತು ಎದ್ದು ಹೋದ.

ಒಳಗೆ ಮಂಚದ ಮೇಲೆ ಅವರ ಗಂಡ. ಒಂದು ಕಡೆ ಬಿದ್ದುಹೋಗಿದೆ, ಮಾತಿಲ್ಲ, ಕಣ್ಣು ಮಾತ್ರ ನಾವು ಹೋದಲ್ಲೆಲ್ಲ ಬರುತ್ತದೆ. ಮುನಿಯಮ್ಮ ಕಾಫಿ ಕೊಟ್ಟು ನನ್ನೆದುರು ನೆಲದ ಮೇಲೆ ಕೂತರು.

‘ತಪ್ಪು ನಂದೇ ಕಣವ್ವ’ ಎಂದರು. ‘ಆ ಸಾಬ್ರ ಹುಡ್ಗಿ ಕೇಳ್ತು, ಯಜಮಾನ್ರ ಹೆಸ್ರೇನಮ್ಮ ಅಂತ. ನಾಚ್ಕಂಡು ನಕ್ಬುಟ್ಟೆ. ಅದೂ ನಕ್ಕು ಸುಮ್ನಾಯ್ತು. ಪಟ್ಟೀಲಿ ಎಲ್ರುಗೂ ಅಪ್ಪಂದೋ ಗಂಡಂದೋ ಹೆಸ್ರೈತೆ, ಅದಿಲ್ದೆ ಇದ್ರೆ ಕಂಪೂಟ್ರು ತಗಳಾಕಿಲ್ವೇನೋ ಅಂತ ಗಾಡಿ ಡ್ರೈವರ್ರು ಅಂದ್ರು. ನಾನ್ ಆವತ್ತು ಬಾಯ್ಬುಟ್ಟಿದ್ರೆ ಇಂಗಾಯ್ತಿರ್ಲಿಲ್ಲ. ಪಾಪ, ಆ ಹುಡ್ಗಿ ಕೆಲ್ಸನೂ ಓಯ್ತಂತಲ್ಲ ನನ್ನಿಂದ.’

ಕಾಫಿ ಲೋಟ ನನ್ನ ಕೈಯಲ್ಲಿ ಸುಡುತ್ತಿತ್ತು.

‘ಮೈದ ಏನಾರ ಅಂದ್ಕಳ್ಳಿ. ಇನ್ನೊಂದ್ ಬೆಳೆ ಕೇಳ್ಕಂಡು ಕಾಲಿಡ್ಕತೀನಿ. ಈ ಸಲ ಸರ್ಯಾಗಿ ಬರ್ಕಳವ್ವ. ಯೋಳ್ತೀನಿ.’

ಈಗ ಬೇಕಾಗಿಲ್ಲ ಎನ್ನಬೇಕಿತ್ತು. ಹೆಸರಿಲ್ಲದಿದ್ದರೂ ಈಗ ಆಗುತ್ತದೆ, ಎಂಟು ದಿನವಾಯಿತು ತಿದ್ದಿ. ಆದರೆ ಹಾಗಂದರೆ, ತಿದ್ದಿದ್ದು ಯಾರು, ಕೆಡಿಸಿದ್ದು ಯಾರು ಎಂದು ಬರುತ್ತದೆ. ಮೊದಲೇ ಯಾಕೆ ಹಾಗಿರಲಿಲ್ಲ ಎಂದು ಬರುತ್ತದೆ. ನಾನು ಮೊಬೈಲು ತೆಗೆದೆ.

ಅವರು ಮಂಚದ ಕಡೆ ಒಂದು ಸಲ ನೋಡಿದರು. ‘ಮದ್ವೆ ದಿನ ಒಸ್ಲಲ್ಲಿ ತಡ್ದು ಯೋಳ್ಸಿದ್ರು, ಅದೇ ಮೊದ್ಲು, ಅದೇ ಕೊನೆ’ ಎಂದರು. ಆಮೇಲೆ ಕೈ ಮುಗಿದುಕೊಂಡು, ಕಣ್ಣು ಮುಚ್ಚಿ, ಗಂಡನ ಹೆಸರು ಹೇಳಿದರು. ಪೂರ್ತಿ, ತಂದೆಯ ಹೆಸರಿನ ಸಮೇತ. ನನಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದರು.

ಮಂಚದ ಮೇಲಿದ್ದವರು ಬಾಯಿ ತೆರೆದರು. ಏನೋ ಸದ್ದು ಬಂತು. ಮುಖ ಗೋಡೆಯ ಕಡೆ ತಿರುಗಿಸಲು ಒದ್ದಾಡಿದರು, ಆಗಲಿಲ್ಲ. ಮುನಿಯಮ್ಮ ಹೋಗಿ ಅವರ ಕಣ್ಣು ಒರೆಸಿದರು.

ನಾನು ಬರೆದುಕೊಂಡೆ. ಬರೆದುಕೊಂಡೆ ನಾನು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ಮುಂದೆ ಅಲ್ಪವಿರಾಮ ಹಾಕಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮಿಕ್ಕ ನಾಲ್ಕು ಮನೆಗೆ ಹೋಗಲಿಲ್ಲ.

ಜುಲೈ 21, ಸೋಮವಾರ

ಭಾವನಿಗೆ ಹೇಳಿದೆ. ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು, ಪಕ್ಕದಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದೆ. ಮೆಹ್ರೀನ್ ಬರೆದಿದ್ದಳು, ಬಿಟ್ಟಿದ್ದು ನನ್ನ ಪ್ರೋಗ್ರಾಂ, ಗೊತ್ತಾದ ಮೇಲೂ ಸುಮ್ಮನಿದ್ದೆ. ಶಾಲೆಯವರು ನನ್ನನ್ನು ತೆಗೆದುಹಾಕಿದ್ದನ್ನೂ ಹೇಳಿಬಿಟ್ಟೆ, ಅದು ಯಾಕೆ ಬಂತೋ.

ಭಾವ ಕತ್ತಿ ಕೆಳಗಿಡಲಿಲ್ಲ. ‘ಶಾಲೆದು ಗೊತ್ತಿತ್ತು ಬುಡಮ್ಮ’ ಎಂದರು. ಸ್ವಲ್ಪ ಸೊಪ್ಪು ಹೆಚ್ಚಿದರು. ‘ಇದ್ನ ನಿನ್ನಲ್ಲೇ ಮಡಿಕ್ಕೊ. ಸೆಂಟ್ರು ತಪ್ಪು ಅಂತಾದ್ರೆ ನಾಳೆ ಯಾರೂ ನಂಬಾಕಿಲ್ಲ. ಆ ಹುಡ್ಗಿ ಹೆಂಗೂ ಹೋಯ್ತಲ್ಲ, ಅವಳ ಮ್ಯಾಲೇ ಇರ್ಲಿ. ಅವಳಿಗೇನ್ ನಷ್ಟ?’

ನನ್ನನ್ನು ಬಯ್ಯಲಿಲ್ಲ. ಮನೆಮಗಳು ಎಂದು ಕಾಪಾಡಿದರು. ಒಂದು ಕ್ಷಣ ಎದೆ ಹಗುರಾಯಿತು. ಅದನ್ನು ಬರೆದಿಡಬೇಕು. ಹಗುರಾಯಿತು.

ಜುಲೈ 23, ಬುಧವಾರ

ಹಲ್ಲುನೋವು ಎಂದು ಅಕ್ಕನಿಗೆ ಸುಳ್ಳು ಹೇಳಿ ರಾಮನಗರಕ್ಕೆ ಹೋದೆ. ಮೆಹ್ರೀನಳ ಮನೆ ಬೀದಿಯ ತುಂಬ ಗೂಡು ಬೇಯಿಸುವ ವಾಸನೆ. ನೂರ್ಜಹಾನ್ ಬಾಗಿಲು ತೆರೆದು, ನನ್ನ ಗುರುತು ಹೇಳಿದ ಮೇಲೆ ಒಳಗೆ ಬನ್ನಿ ಎನ್ನಲಿಲ್ಲ. ಮಗಳನ್ನು ಕರೆದು ಅಲ್ಲೇ ನಿಂತರು.

ಮೆಹ್ರೀನ್ ಹೊಸಿಲ ಒಳಗೆ, ನಾನು ಹೊರಗೆ. ಹೇಳಿದೆ. ಅಳಬಾರದು ಎಂದುಕೊಂಡು ಹೋಗಿದ್ದೆ, ಅತ್ತುಬಿಟ್ಟೆ. ಅವಳು ಅಳಲಿಲ್ಲ.

‘ಫೈಲ್ ನೋಡಿ ಅಂತ ಎಷ್ಟು ಸಲ ಹೇಳಿದೆ ಅಕ್ಕಾ?’

‘ಎರಡು ಸಲ.’

‘ಲೆಕ್ಕ ಇಟ್ಕೊಂಡಿದ್ದೀರಲ್ಲ’ ಎಂದಳು. ಅವಳು ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಿದ್ದಾಳಂತೆ. ಭಾವನಿಗೆ ಹೇಳಿ ಮತ್ತೆ ಕೆಲಸ ಕೊಡಿಸುತ್ತೇನೆ ಎಂದೆ. ಅದು ನನ್ನ ಕೈಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ‘ಬೇಡ’ ಎಂದಳು.

ಹೊರಡುವಾಗ ಕೇಳಿದಳು, ‘ಆ ಅಮ್ಮನಿಗೆ ಹೇಳಿದ್ರಾ?’

ಇಲ್ಲ ಎಂದೆ.

‘ನನಗೆ ಹೇಳಿ ಏನು ಬಂತು ಅಕ್ಕಾ? ನಾನು ಬರೆದಿದ್ದೆ ಅಂತ ನನಗೆ ಗೊತ್ತೇ ಇತ್ತು.’

ಬಸ್ ಸ್ಟ್ಯಾಂಡಿನಲ್ಲಿ ಎರಡು ಕನಕಪುರದ ಬಸ್ಸು ಬಿಟ್ಟು ಕೂತಿದ್ದೆ. ಭಾವ ಮನೆಯಿಂದ ಹೊರಗೆ ಹಾಕಿದರೆ ಎಲ್ಲಿಗೆ ಹೋಗುವುದು ಎಂದು ಯೋಚನೆ ಮಾಡಿದೆ. ಮುನಿಯಮ್ಮನ ತೋಟದ ಬಗ್ಗೆ ಆಮೇಲೆ ಯೋಚನೆ ಬಂತು. ನಾನು ಎಂಥವಳು ಎಂದು ಇದರಲ್ಲೇ ಗೊತ್ತಾಗುತ್ತದೆ.

ಜುಲೈ 27, ಭಾನುವಾರ

ಭಾವನಿಗೆ ಹೇಳಿಯೇ ಹೊರಟೆ. ‘ಎಲ್ಲಿಗೆ?’ ಎಂದರು. ‘ಉಯ್ಯಂಬಳ್ಳಿಗೆ, ಅವರ ಮೈದುನನ ಮುಂದೆ ಹೇಳಿ ಬರ್ತೀನಿ’ ಎಂದೆ. ಅವರು ಟವೆಲ್ ಕೊಡವಿ ಒಳಗೆ ಹೋದರು. ಅಕ್ಕ ಗೇಟಿನ ತನಕ ಬಂದು ‘ಯೋಚ್ನೆ ಮಾಡೇ’ ಎಂದಳು. ಬಸ್ಸು ಬಂತು, ಹತ್ತಿದೆ. ಧೈರ್ಯವೇನೂ ಇರಲಿಲ್ಲ.

ಸ್ವಾಮಿಯನ್ನು ಮುನಿಯಮ್ಮನ ಮನೆಗೇ ಕರೆಸಿದೆ. ಹಿಂದೆಯೇ ಊರಿನ ಗಂಗಹನುಮಯ್ಯ ಎಂಬ ಹಿರಿಯರೂ ಬಂದು ಜಗಲಿಯಲ್ಲಿ ಕೂತರು. ಮಾತು ಕೊಟ್ಟಾಗ ಅವರೂ ಇದ್ದರಂತೆ. ಬಾಗಿಲು ತೆಗೆದೇ ಇತ್ತು, ಮಂಚ ಕಾಣುತ್ತಿತ್ತು.

ನಿಂತುಕೊಂಡೇ ಹೇಳಿದೆ. ‘ಮುನಿಯಮ್ಮ ಸರಿಯಾಗಿ ಹೆಸರು ಬರೆಸಿದ್ದರು. ಆ ಹುಡುಗಿಯೂ ಸರಿಯಾಗಿ ಬರೆದುಕೊಂಡಿದ್ದಳು. ಕಂಪ್ಯೂಟರಿನಲ್ಲಿ ಅದನ್ನು ಬಿಟ್ಟುಬಿಡು ಅಂತ ಬರೆದವಳು ನಾನು. ಹುಳ ಬರದೇ ಇದ್ದದ್ದು ನನ್ನಿಂದ. ಈ ಬೆಳೆ ಅವರು ಸೋತದ್ದಲ್ಲ.’

ಸ್ವಾಮಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದ. ‘ಇಷ್ಟ್ ದಿನ ಬಾಯಿಗೆ ಏನ್ ಇಕ್ಕಂಡಿದ್ದೆ?’ ಎಂದ.

‘ಅವಮಾನ ಆಗುತ್ತೆ ಅಂತ ಹೇಳಲಿಲ್ಲ.’

ಗಂಗಹನುಮಯ್ಯ ಗಂಟಲು ಸರಿಮಾಡಿಕೊಂಡರು. ‘ಅಲ್ಕಣ್ಲಾ ಸ್ವಾಮಿ, ಹುಳನೇ ಬಂದಿಲ್ಲ ಅಂದ್ಮೇಲೆ ಬೆಳೆ ಆಗಿಲ್ಲ ಅನ್ನಾದೆಂಗ್ಲಾ? ಸೆಪ್ಟೆಂಬರ್ ಬೆಳೆ ಮುನಿಯಮ್ಮನೇ ಮಾಡ್ಲಿ.’ ಸ್ವಾಮಿ ‘ಮಾಡ್ಕಳ್ಳಿ ಬುಡಿ’ ಎಂದು ಎದ್ದು ಹೋದ. ಹಿರಿಯರೂ ಎದ್ದರು.

ಮುನಿಯಮ್ಮನ ಮುಖ ಅರಳುತ್ತದೆ ಎಂದು ನಾನು ಕಾದೆ. ನಿಜವಾಗಿ ಕಾದೆ, ಅದಕ್ಕೇ ಬಂದವಳ ಹಾಗೆ. ಅವರು ಕಂಬಕ್ಕೆ ಒರಗಿ ಏನೋ ಲೆಕ್ಕ ಹಾಕುತ್ತಿದ್ದರು.

‘ಅಂಗಾರೆ, ಯಜಮಾನ್ರ ಹೆಸ್ರು ಇಲ್ದಿದ್ರೂ ಆಯ್ತದಾ ಅವ್ವ?’

‘ಆಗುತ್ತೆ.’

‘ಓದ್ವಾರ ನೀನು ಬಂದಿದ್ಯಲ್ಲ, ಆವಾಗ್ಲೂ ಆಯ್ತಿತ್ತಾ?’

‘ಆಗುತ್ತಿತ್ತು.’

‘ನಿಂಗೆ ಗೊತ್ತಿತ್ತಾ?’

ಇದನ್ನು ಹೇಳಲು ನಾನು ಬಂದಿರಲಿಲ್ಲ. ‘ಗೊತ್ತಿತ್ತು’ ಎಂದೆ.

ಅವರು ಬಾಗಿಲಿನಿಂದ ಒಳಗೆ, ಮಂಚದ ಕಡೆ ನೋಡಿದರು. ಮತ್ತೆ ನನ್ನ ಕಡೆ ತಿರುಗಿದಾಗ ದನಿಯಲ್ಲಿ ಸಿಟ್ಟು ಇರಲಿಲ್ಲ. ತಿಳಿಯದೇ ಕೇಳುವವರ ಹಾಗೆ ಕೇಳಿದರು.

‘ಮತ್ಯಾಕವ್ವ ನನ್ ಬಾಯಲ್ಲಿ ಅವ್ರ ಹೆಸ್ರು ಯೋಳುಸ್ದೆ?’